ಜೀಪಿನ ಹಿಂದಿನ ಮಾಲೀಕಳು

ಹುಡ್‌ನ ಎಡಗಡೆ ಅಂಚಿನ ಹೊಲಿಗೆ ಅರ್ಧಕ್ಕೆ ಬಂದಿತ್ತು. ಹುಮಾ ದಬ್ಬಣವನ್ನು ಎರಡು ಪದರ ಕ್ಯಾನ್ವಾಸಿನೊಳಗೆ ನೂಕಿ, ಆ ಕಡೆಯಿಂದ ಎಳೆದು, ದಾರಕ್ಕೆ ಮತ್ತೊಮ್ಮೆ ಮೇಣ ಸವರಿದಳು. ಮಷಿನ್‌ನಲ್ಲಿ ಹೊಲಿದರೆ ಬೇಗ ಆಗುತ್ತದೆ, ಆದರೆ ಮೂಲೆಗಳಲ್ಲಿ ನೀರು ಇಳಿಯುತ್ತದೆ. ಮೂಲೆಗಳನ್ನು ಅವಳು ಕೈಯಲ್ಲೇ ಹೊಲಿಯುವುದು. ಶಿವಮೊಗ್ಗದ ಸವಳಂಗ ರಸ್ತೆಯ ನದೀಮನ ಗ್ಯಾರೇಜಿನಲ್ಲಿ ಐದು ವರ್ಷದಿಂದ ಇದೇ ಕೆಲಸ, ಹಳೇ ಜೀಪುಗಳ ಹುಡ್ಡು, ಸೀಟಿನ ಕವರು. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು, ಸಂಜೆ ಮತ್ತೆ ಬಸ್ಸು.

ಈ ಜೀಪು ಮಿಲಿಟರಿಯದು. ವಿದ್ಯಾನಗರದ ಹರಿಪ್ರಸಾದ್ ದಾವಣಗೆರೆಯಲ್ಲಿ ಕೊಂಡಾಗಲೇ ಯಾರೋ ಅದನ್ನು ಪೂರ್ತಿ ಹೊಸದು ಮಾಡಿಟ್ಟಿದ್ದರು. ಹೊಸ ಹಸಿರು ಬಣ್ಣ, ಹೊಸ ಟೈರು, ಬಾನೆಟ್ಟಿನ ಮೇಲೆ ದೊಡ್ಡ ಬಿಳಿ ನಕ್ಷತ್ರ. ಹುಡ್ ಒಂದು ಬಾಕಿ. ಅದರ ಜೊತೆ ಇನ್ನೊಂದು ಕೆಲಸವೂ ಬಾಕಿ ಇತ್ತು: ಹಳೇ ಗಾಡಿಗಳ ಕ್ಲಬ್ಬಿನವರು ಜೀಪಿನ ಪೂರ್ವಾಪರ ಬರೆದುಕೊಡಿ ಎಂದಿದ್ದರು. ಹರಿಪ್ರಸಾದ್ ತಿಂಗಳಿನಿಂದ ಅದರ ಹಿಂದೆಯೇ ಬಿದ್ದಿದ್ದರು.

"ಇದು ಯುದ್ಧ ನೋಡಿದ ಗಾಡಿ ಕಣೋ ನದೀಮ. ನನಗೆ ಮನಸ್ಸು ಹೇಳ್ತಿದೆ."

"ಯುದ್ಧ ನೋಡಿದ್ರೆ ಗುಂಡಿನ ತೂತು ಇರ್ಬೇಕು ಸಾರ್. ಇಲ್ಲಿರೋದೆಲ್ಲಾ ತುಕ್ಕಿನ ತೂತು."

"ಒಂದೆರಡು ಹಾಗೇ ಬಿಡು ಮಾರಾಯ, ಯಾರಾದ್ರೂ ಕೇಳಿದ್ರೆ ತೋರಿಸ್ಬೋದು."

"ಬಿಡ್ತೀನಿ. ಆದ್ರೆ ಆ ನಕ್ಷತ್ರ ಅಳಿಸ್ಕೊಳ್ಳಿ ಸಾರ್. ಅದು ಅಮೆರಿಕದವರದ್ದು. ನಮ್ಮ ಮಿಲಿಟರಿಗೂ ಅದಕ್ಕೂ ಏನು ಸಂಬಂಧ?"

ಹುಮಾ ತಲೆ ಎತ್ತದೆ ನಕ್ಕಳು. ನದೀಮ ಜೀಪಿನ ಕೆಳಗೆ ಮಲಗಿ, ಚಾಸಿಯ ಮೇಲಿನ ಬಣ್ಣವನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಬಿಳಿ ಕಾಗದ ಒತ್ತಿಹಿಡಿದು, ಅದರ ಮೇಲೆ ಪೆನ್ಸಿಲ್ ಉಜ್ಜುತ್ತಿದ್ದ. ಕಬ್ಬಿಣದಲ್ಲಿ ಕೊರೆದ ನಂಬರು ಹೀಗೆ ಉಜ್ಜಿದರೆ ಕಾಗದದ ಮೇಲೆ ಮೂಡುತ್ತದೆ. ಅವನು ಕೆಳಗಿನಿಂದಲೇ ಕೂಗಿ ಓದತೊಡಗಿದ.

"ಬರ್ಕೊಳ್ಳಿ ಸಾರ್. ಮೂರು. ಏಳು. ನಾಲ್ಕು. ಸೊನ್ನೆ. ಎರಡು. ಇದು ಮೂರೋ ಎಂಟೋ..."

"ಎಂಟು," ಎಂದಳು ಹುಮಾ.

ನದೀಮ ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿದ. "ಅಲ್ಲಿಂದಲೇ ಕಾಣ್ತಾ ಆಪಾ? ನಾನು ಮೂಗು ಒತ್ತಿ ನೋಡಿದ್ರೂ ಕಾಣ್ತಿಲ್ಲ." ಮತ್ತೆ ಒಳಗೆ ಹೋಗಿ ಉಜ್ಜಿದ. "ಹೌದು ಸಾರ್, ಎಂಟೇ."

ಹುಮಾಳ ಕೈಯಲ್ಲಿ ದಬ್ಬಣ ನಿಂತಿತ್ತು. ಆ ನಂಬರನ್ನು ಅವಳು ಬಾಯಿಪಾಠ ಮಾಡಿದ್ದಲ್ಲ, ಅದೇ ಬಂದುಬಿಟ್ಟಿತ್ತು. ಹದಿನಾಲ್ಕು ವರ್ಷದ ಹಿಂದೆ ಗಂಡ ಹಯಾತ್ ಹೊಸಪೇಟೆ ಕಡೆ ಬಾಡಿಗೆ ಇದೆ ಎಂದು ಜೀಪು ತೆಗೆದುಕೊಂಡು ಹೋದವನು ಬರಲಿಲ್ಲ. ದೂರು ಕೊಟ್ಟ ಮೇಲೆ ಅವಳು ತಿಂಗಳಿಗೊಮ್ಮೆ ಠಾಣೆಗೆ ಹೋಗುತ್ತಿದ್ದಳು. ಹೋದಾಗಲೆಲ್ಲ ಹೊಸ ಮುಖ, ಹೋದಾಗಲೆಲ್ಲ ಅದೇ ಪ್ರಶ್ನೆ: ಗಾಡಿ ಯಾವುದಮ್ಮ, ಚಾಸಿ ನಂಬರ್ ಹೇಳಿ. ಹೇಳಿ ಹೇಳಿ ಅದು ಗಂಡನ ಹೆಸರಿನ ಜಾಗಕ್ಕೆ ಬಂದು ಕೂತಿತ್ತು.

ಅವಳು ಎದ್ದು ನೀರು ಕುಡಿಯುವ ನೆವದಲ್ಲಿ ಜೀಪಿನ ಸುತ್ತ ಒಂದು ಸುತ್ತು ಬಂದಳು. ಎರಡು ದಿನದಿಂದ ಇದರ ಅಳತೆ ತೆಗೆದಿದ್ದಾಳೆ, ಇದರ ಸೀಟಿನ ಮೇಲೆ ಕೂತು ಊಟ ಮಾಡಿದ್ದಾಳೆ. ಗುರುತು ಹತ್ತಲಿಲ್ಲ. ಅಷ್ಟು ಚೆನ್ನಾಗಿ ಹೊಸದು ಮಾಡಿದ್ದರು, ನಂಬರ್ ಪ್ಲೇಟನ್ನೂ ಇನ್ನೂ ಹಾಕಿರಲಿಲ್ಲ.

ಹರಿಪ್ರಸಾದ್ ತಮ್ಮ ಫೈಲು ಬಿಚ್ಚಿ ಬಾನೆಟ್ಟಿನ ಮೇಲೆ ಹರಡಿದರು. "ನೋಡಿ, ನನ್ನ ಹಿಂದೆ ದಾವಣಗೆರೆಯವನು. ಅವನ ಹಿಂದೆ ಹೊಸಪೇಟೆಯ ಕ್ವಾರಿಯವನು. ಆ ಕ್ವಾರಿಯವನಿಗೆ ಮಾರಿದ್ದು ಒಬ್ಬಳು ಹೆಂಗಸು. ಅವಳ ಮನೆಯವರು ಮಿಲಿಟರಿ ಹರಾಜಿನ ಗಾಡಿ ಅಂತ ಪುಣೆಯಿಂದ ತಂದಿದ್ದಂತೆ. ಹುಮಾ ಅವರೇ, ನಿಮ್ಮೂರಿನವಳೇ. ಬಿಸ್ಮಿಲ್ಲಾಬಿ, ಭದ್ರಾವತಿ ಹಳೇ ನಗರ. ಗೊತ್ತಾ?"

"ಭದ್ರಾವತಿ ದೊಡ್ಡ ಊರು ಸಾರ್."

"ಸಿಕ್ಕಿದ್ರೆ ಹೇಳಿ. ಅಜ್ಜಿನ ಸ್ಟೇರಿಂಗ್ ಮುಂದೆ ಕೂರಿಸಿ ಒಂದು ಫೋಟೋ ತೆಗೆದ್ರೆ ಕ್ಲಬ್ಬಿನವರು ಬಾಯಿ ಮುಚ್ಕೊಳ್ತಾರೆ."

ಜೀಪು ಅತ್ತೆ ಬಿಸ್ಮಿಲ್ಲಾಬಿಯ ಹೆಸರಿನಲ್ಲಿತ್ತೆಂದು ಹುಮಾಗೆ ಗೊತ್ತಿತ್ತು. ಮಾವ ಕಾರ್ಖಾನೆ ಬಿಟ್ಟಾಗ ಬಂದ ಹಣದಲ್ಲಿ ಕೊಂಡಿದ್ದು. ಹಯಾತ್ ಅದನ್ನು ಮಾರಿ ಎಲ್ಲೋ ಹೋದನೇ, ಅಥವಾ ಅವನನ್ನು ಹೊಡೆದು ಯಾರೋ ಜೀಪು ಕದ್ದರೇ ಎಂದು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದಾಳೆ. ಕದ್ದವರು ಸುಳ್ಳು ಸಹಿ ಹಾಕಿರಬಹುದು. ಅವಳು ಸೆರಗಿಗೆ ಕೈ ಒರೆಸಿಕೊಂಡು ಆ ಮಾರಾಟದ ಛಾಪಾ ಕಾಗದದ ಜೆರಾಕ್ಸನ್ನು ಎತ್ತಿಕೊಂಡಳು. ಕನ್ನಡದಲ್ಲೇ ಇತ್ತು. ತಾರೀಕು ನೋಡಿದಳು. ಹಯಾತ್ ಹೋಗಿ ಎರಡು ವರ್ಷ ಒಂದು ತಿಂಗಳು ಆದಮೇಲಿನದು.

ಕೆಳಗೆ ಮಾರುವವರ ಹೆಬ್ಬೆಟ್ಟಿನ ಗುರುತು. ಗೆರೆಗಳ ಸುರುಳಿಯ ನಡುವೆ ಓರೆಯಾಗಿ ಒಂದು ಬಿಳಿ ಗೀರು.

ಆ ಗೀರಿನ ಹೆಬ್ಬೆರಳನ್ನು ಅವಳು ಪ್ರತಿ ಶುಕ್ರವಾರ, ಜುಮ್ಮಾದ ದಿನ, ಕೈಯಲ್ಲಿ ಹಿಡಿಯುತ್ತಾಳೆ. ಅತ್ತೆ ಪ್ರಾಯದಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಕತ್ತಿ ಜಾರಿ ಎಡಗೈ ಹೆಬ್ಬೆರಳು ಮೂಳೆಯವರೆಗೆ ಸೀಳಿತ್ತು. ಹಾಸಿಗೆ ಹಿಡಿದ ಮೇಲೆ ಅವರ ಉಗುರು ಕತ್ತರಿಸುವವಳು ಹುಮಾ.

ಪಕ್ಕದಲ್ಲಿ ಸಾಕ್ಷಿಯ ಸಹಿ. ಹಯಾತ್. ಕೆಳಗೆ ಎರಡು ಗೆರೆ. ಅವನು ಯಾವಾಗಲೂ ಎರಡು ಗೆರೆ ಎಳೆಯುತ್ತಿದ್ದ.

"ಏನಾದ್ರೂ ಸಿಕ್ತಾ?" ಹರಿಪ್ರಸಾದ್ ಕೇಳಿದರು.

"ಇಲ್ಲ ಸಾರ್. ಈ ಮುದುಕಿ ಈಗ ಇರಲಿಕ್ಕಿಲ್ಲ."

ಅವಳು ವಾಪಸ್ ಬಂದು ಕೂತು ದಬ್ಬಣ ಹಿಡಿದಳು. ಆ ತಿಂಗಳು ಅವಳಿಗೆ ನೆನಪಿತ್ತು. ಅತ್ತೆ ಗಾಜನೂರಿನ ತಂಗಿಯ ಮನೆಗೆ ಎಂದು ಹೋಗಿ ಮೂರನೇ ದಿನಕ್ಕೆ ಬಂದಿದ್ದರು. ಹೆಬ್ಬೆರಳಿನ ತುಂಬ ನೀಲಿ ಮಸಿ. ರೇಷನ್ ಕಾರ್ಡಿಗೆ ಒತ್ತಿಸಿಕೊಂಡರು ಅಂದಿದ್ದರು. ಸೋಪಿಗೆ ಹೋಗಲಿಲ್ಲವೆಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ತೆಗೆದವಳು ಹುಮಾ.

ಅದಾಗಿ ಎರಡು ವರ್ಷಕ್ಕೆ ಜಮಾತಿನ ಹಿರಿಯರು, ನಾಲ್ಕು ವರ್ಷ ಕಾದಾಯಿತು, ಹುಡುಗಿ ಇನ್ನು ಇದ್ದತ್ ಕೂರಲಿ ಎಂದರು. ಗಂಡ ಸತ್ತವಳು ಕೂರುವ ಹಾಗೆ ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸಿಲು ದಾಟದೆ ಕೂತಳು. ಕೊರಳಿನ ಕರಿಮಣಿ ಸರ ಬಿಚ್ಚಿದವರು ಅತ್ತೆಯೇ. ಕೊಕ್ಕೆ ಅವರ ಬೆರಳಿನಿಂದ ಎರಡು ಸಲ ಜಾರಿತ್ತು. ಮಗನ ದುಃಖ ಎಂದುಕೊಂಡು ಹುಮಾ ಆ ಕೈಯನ್ನು ತನ್ನ ಎದೆಗೆ ಒತ್ತಿ ಸಮಾಧಾನ ಮಾಡಿದ್ದಳು. ಮರುವರ್ಷ ಶಿವಮೊಗ್ಗದಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡ ಲಾರಿ ಡ್ರೈವರು, ಒಳ್ಳೆಯವನು. ಅತ್ತೆ ಎರಡು ದಿನ ಊಟ ಬಿಟ್ಟರು. "ಮಗ ಹೋದ. ನೀನೂ ಹೋದ್ರೆ, ನಾನು ಸತ್ತಾಗ ನನ್ನ ಮಯ್ಯತ್ತಿಗೆ ನೀರು ಹಾಕೋರು ಯಾರು?" ಹುಮಾ ಒಲ್ಲೆ ಎಂದಳು. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರೇ ಉಳಿದರು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನು ಬದುಕಿದ್ದಾನೆ ಎಂದು ಒಂದು ಸಲ ಮನಸ್ಸಿನಲ್ಲಿ ಹೇಳಿನೋಡಿದಳು. ಏನೂ ಆಗಲಿಲ್ಲ. ಸಿಟ್ಟು ಬರುತ್ತದೇನೋ ಎಂದು ಕಾದಳು, ಅದೂ ಬರಲಿಲ್ಲ. ಮೂವತ್ತೈದಾಗಿದ್ದವಳಿಗೆ ಈಗ ನಲವತ್ತೊಂಬತ್ತು, ಅಷ್ಟೇ ಲೆಕ್ಕ. ಎಲ್ಲಿಗೆ ಹೋಗಬಹುದು ಎಂದು ಯೋಚಿಸಿದಳು. ತವರಿನಲ್ಲಿ ಯಾರೂ ಇಲ್ಲ. ಹೊಸಪೇಟೆಯ ಆ ಕಾಗದದಲ್ಲಿ ಹಯಾತನ ವಿಳಾಸ ಇರಲಿಲ್ಲ. ಇದ್ದಿದ್ದರೂ ಹೋಗಿ ಏನೆಂದು ಕೇಳುವುದು? ಬಸ್ಸು ಭದ್ರಾವತಿ ತಲುಪಿತು, ಎಲ್ಲರೊಂದಿಗೆ ಅವಳೂ ಇಳಿದಳು.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಕಾಯುತ್ತಿದ್ದರು. "ಬಂದ್ಯಾ? ಇವತ್ತು ಜುಮ್ಮಾ ಅಲ್ವಾ, ಉಗುರು ಬೆಳೆದಿದೆ ನೋಡು."

ಹುಮಾ ಕೈಕಾಲು ತೊಳೆದು, ಹಳೇ ಪೇಪರ್ ಹರಡಿ, ಅವರ ಎಡಗೈ ತನ್ನ ಮಡಿಲಿಗೆ ಎಳೆದುಕೊಂಡಳು. ಕಿರುಬೆರಳಿನಿಂದ ಶುರು ಮಾಡಿದಳು.

"ಯಾವ ಗಾಡಿ ಬಂದಿತ್ತು ಇವತ್ತು?"

"ಮಿಲಿಟರಿ ಜೀಪು, ಅಮ್ಮೀ."

ಅತ್ತೆಯ ಕೈ ಒಂದು ಕ್ಷಣ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಹೆಬ್ಬೆರಳಿನ ಉಗುರು ಗಾಯದ ದೆಸೆಯಿಂದ ಎರಡು ಸೀಳಾಗಿಯೇ ಬೆಳೆಯುತ್ತದೆ, ಅದನ್ನು ಹುಷಾರಾಗಿ ಕತ್ತರಿಸಬೇಕು. ಹುಮಾ ಹುಷಾರಾಗಿಯೇ ಕತ್ತರಿಸಿದಳು.

"ಬೇಟೀ, ಕಹಾ-ಸುನಾ ಮಾಫ್ ಮಾಡ್ಬಿಡು." ಈಗ ಒಂದು ವರ್ಷದಿಂದ ಅತ್ತೆ ವಾರಕ್ಕೊಮ್ಮೆ ಹೀಗೆ ಕೇಳುತ್ತಾರೆ. ಸಾಯುವ ಮೊದಲು ಎಲ್ಲರೂ ಕೇಳುವಂಥದ್ದೇ, ಆಡಿದ್ದು ಅನ್ನಿಸಿಕೊಂಡಿದ್ದು ಮನ್ನಿಸು ಎಂದು.

"ಮಾಫ್, ಅಮ್ಮೀ."

"ಹಂಗಲ್ಲ. ಹೋದ ತಿಂಗಳು ಮಸೀದಿ ಹಜರತ್ ಮನೆಯವ್ರು ಬಂದಿದ್ರಲ್ಲ, ಅವ್ರು ಹೇಳಿದ್ರು. ಬರೀ ಮಾಫ್ ಅಂದ್ರೆ ಸಾಲದಂತೆ. ಏನು ತಪ್ಪು ಮಾಡಿದೀನಿ ಅಂತ ಬಾಯಿಬಿಟ್ಟು ಹೇಳಿ ಕೇಳ್ಬೇಕಂತೆ. ಇಲ್ದಿದ್ರೆ ಆ ಭಾರ ಜೊತೆಗೇ ಬರುತ್ತಂತೆ, ಗೋರಿಗೆ." ಅವರ ತುಟಿ ಒಣಗಿತ್ತು. "ನಿಂಗೆ ಒಂದು ಮಾತು ಹೇಳೋದಿದೆ. ಹಯಾತ್..."

"ಅನ್ನ ತಳ ಹಿಡೀತಿದೆ," ಎಂದು ಹುಮಾ ಎದ್ದಳು.

"ಕೂತ್ಕೋ ಬೇಟೀ, ಒಂದು ನಿಮಿಷ."

"ಬಂದೆ ಅಮ್ಮೀ."

ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅಕ್ಕಿ ಇನ್ನೂ ಡಬ್ಬದಲ್ಲೇ ಇತ್ತು. ಒಳಗಿನಿಂದ ಅತ್ತೆ ಎರಡು ಸಲ ಹೆಸರು ಹಿಡಿದು ಕರೆದರು, ಆಮೇಲೆ ಕೆಮ್ಮಿದರು. ಹುಮಾ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು.

ಇನ್ನು ಮುಂದೆಯೂ ಅವರಿಗೆ ಸ್ನಾನ ಮಾಡಿಸುತ್ತಾಳೆ. ಗಂಜಿ ಕುಡಿಸುತ್ತಾಳೆ. ಮಯ್ಯತ್ತಿಗೆ ನೀರೂ ಹಾಕುತ್ತಾಳೆ. ಪ್ರತಿ ಜುಮ್ಮಾ ಕೇಳಿದಾಗ ಮಾಫ್ ಎಂದೂ ಹೇಳುತ್ತಾಳೆ, ಇದೇ ದನಿಯಲ್ಲಿ. ಆದರೆ ಆ ಒಂದು ಮಾತನ್ನು ಅವರ ಬಾಯಿಂದ ಹೊರಗೆ ಬರಲು ಬಿಡುವುದಿಲ್ಲ. ಬಾಯಿ ತೆರೆದಾಗಲೆಲ್ಲ ಹಾಲು ಉಕ್ಕುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ, ನಲ್ಲಿಯಲ್ಲಿ ನೀರು ಬರುತ್ತದೆ.

ಅವಳು ಅಕ್ಕಿಯನ್ನು ಅಳೆದು ಪಾತ್ರೆಗೆ ಹಾಕಿ, ತೊಳೆಯಲು ನೀರು ಬಿಟ್ಟಳು.