ದಾರ ಕಟ್ಟಿದ ಟ್ಯೂಬು

ಮೇದೋಜೀರಕ ಗ್ರಂಥಿಯ ಅರ್ಧ ತೆಗೆಸಿಕೊಂಡು ಮಲಗಿದ್ದ ದರ್ಜಿಗೆ ರಕ್ತದ ರಿಪೋರ್ಟೆಂದರೆ ಪರೀಕ್ಷೆಯ ಫಲಿತಾಂಶವಿದ್ದಂತೆ. ಒಳಗೆ ಕೀವೋ ಸೋರಿಕೆಯೋ ಆದರೆ ಸಿಆರ್‌ಪಿ ಎಂಬ ಅಂಕಿ ಏರುತ್ತದಂತೆ. ಇವನದು ಇಳಿಯುತ್ತಿತ್ತು. ಪಾಸಾಗುತ್ತಿದ್ದೀರಿ ಎಂದು ನರ್ಸಮ್ಮ ರೇಗಿಸುತ್ತಿದ್ದಳು.

ಹೊಟ್ಟೆಯ ಪಕ್ಕದಿಂದ ಹೊರಟ ಟ್ಯೂಬು ಮಾತ್ರ ಮಂಚಕ್ಕೆ ತೂಗಿಬಿಟ್ಟ ಚೀಲಕ್ಕೆ ಕಂದು ನೀರು ಸುರಿಸುತ್ತಿತ್ತು. ಅದನ್ನು ಕಂಡರೆ ಅವನಿಗೆ ಸಾಯುವಷ್ಟು ನಾಚಿಕೆ. ಅಂಥದರಲ್ಲಿ ಮಗಳಿಗೆ ಗೊತ್ತುಮಾಡಿದ್ದ ಹುಡುಗನ ಅಪ್ಪ ಅಮ್ಮ ನೋಡಲು ಬಂದರು. ಊರಿಗೆಲ್ಲ ಒಪ್ಪವಾಗಿ ಅಂಗಿ ಹೊಲಿದವನು ಬೀಗರಿಗೆ ತನ್ನ ಕೊಳೆ ತೋರಿಸುವುದೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವರು ಒಳಗೆ ಬರುವ ಮೊದಲೇ ಟ್ಯೂಬನ್ನು ಅಂಚು ಮಡಚಿದಂತೆ ಮಡಚಿ, ದಾರ ಬಿಗಿದು, ಆಗಷ್ಟೇ ಖಾಲಿ ಮಾಡಿದ್ದ ಚೀಲದ ಸಮೇತ ಅಂಗಿಯೊಳಗೆ ತುರುಕಿಕೊಂಡ. ಬೀಗರು ನಾಳೆಯೂ ಬರುತ್ತೇವೆಂದು ಹೇಳಿ ಹೋದರು. ಇನ್ನೊಂದು ದಿನ ತಾನೆ, ಇರಲಿ ಬಿಡು ಎಂದು ಗಂಟು ಬಿಚ್ಚಲಿಲ್ಲ. ನರ್ಸಮ್ಮ ಕೇಳಿದಾಗ ಖಾಲಿ ಚೀಲವನ್ನಷ್ಟೇ ಎಳೆದು ತೋರಿಸಿದ. ಅವಳು ನಂಬಿದಳು.

ಬೆಳಗಾಗುವಷ್ಟರಲ್ಲಿ ಮೈ ಕೆಂಡವಾಗಿತ್ತು, ಅಂಕಿ ದುಪ್ಪಟ್ಟಾಗಿತ್ತು. ಬೀಗರೂ ಮಗಳೂ ನಿಂತಿದ್ದಂತೆಯೇ ಸರ್ಜನ್ ಬಂದು, ಒಳಗೆ ಸೋರುತ್ತಿರಬೇಕು, ಮತ್ತೆ ಹೊಟ್ಟೆ ತೆರೆಯಬೇಕಾಗಬಹುದು ಎಂದರು. ಆಮೇಲೆ ನರ್ಸಮ್ಮನ ಕಡೆ ತಿರುಗಿದರು.

"ಚೀಲ ಖಾಲಿ ಅಂದ್ರಲ್ಲ, ಟ್ಯೂಬ್ ನೋಡಿದ್ರಾ?"

"ಇಲ್ಲ, ಸರ್."

ಇವನನ್ನು ನಂಬಿದೆ ಎಂದು ಅವಳು ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದಳು.

ಹೊದಿಕೆಯೊಳಗೇ ದಾರ ಬಿಚ್ಚಿಬಿಟ್ಟರೆ ಯಾರಿಗೂ ತಿಳಿಯದು, ತಪ್ಪು ಅವಳ ತಲೆಗೇ ಹೋಗುತ್ತದೆ. ಅವನ ಬೆರಳು ಗಂಟಿನವರೆಗೂ ಹೋಯಿತು. ಥೂ, ಇದೂ ಒಂದು ಬಾಳೇ ಅನ್ನಿಸಿತು. ಹೊದಿಕೆ ಸರಿಸಿ, ಎಲ್ಲರೆದುರೂ ಅಂಗಿ ಎತ್ತಿದ.

"ಅವರದೇನೂ ತಪ್ಪಿಲ್ಲ. ಕಟ್ಟಿದ್ದು ನಾನು."

ಸರ್ಜನ್ ದಾರ ಕತ್ತರಿಸಿದರು. ತಡೆದಿದ್ದುದೆಲ್ಲ ನಾರುತ್ತ ಚೀಲಕ್ಕೆ ನುಗ್ಗಿತು. ಮೊದಲು ಸ್ಕ್ಯಾನ್ ಮಾಡೋಣ, ಹೊಟ್ಟೆ ತೆರೆಯುವುದು ಆಮೇಲಿನ ಮಾತು ಎಂದು ಹೇಳಿ ಹೊರಟರು.

ಬೀಗಿತ್ತಿ ಮೂಗು ಮುಚ್ಚಿಕೊಳ್ಳಲಿಲ್ಲ. "ಚೀಲದ ವಿಷ್ಯ ನಿಮ್ಮ ಮಗಳು ಮೊದಲೇ ಹೇಳಿದ್ಲು, ಅಣ್ಣಾ," ಎಂದಳು. "ಅದು ಗೊತ್ತಿದ್ದೇ ನೋಡೋಕೆ ಬಂದಿದ್ದು."

ದರ್ಜಿ ನಾಚಿಕೆಯಿಂದ ಹಿಡಿಯಷ್ಟಾದ. ನರ್ಸಮ್ಮನಾದರೂ ಬೈದಾಳೆಂದು ಕಾದ. ಅವಳು ಹೊಸ ಚೀಲ ತಂದು ಸಿಕ್ಕಿಸಿದಳು, ಟ್ಯೂಬನ್ನು ಬುಡದಿಂದ ತುದಿಯವರೆಗೂ ಕೈಯಾಡಿಸಿ ನೋಡಿದಳು.

"ಇನ್ಮೇಲೆ ನೀವು ತೋರಿಸೋದು ಬೇಡ," ಎಂದಳು. "ನಾನೇ ನೋಡ್ಕೋತೀನಿ."