ಸಭಿಕರು ನಕ್ಕರಂತೆ

ಪೇಪರಿನಲ್ಲಿ ಕುಸ್ತಿಯ ಸುದ್ದಿ ಇದ್ದದ್ದು ಒಂದು ಗೇಣು. ಅದರಲ್ಲಿ ಮುಕ್ಕಾಲು ಪಾಲು ಅಧ್ಯಕ್ಷರಾಗಿ ಬಂದಿದ್ದ ಜಮೀನ್ದಾರರದ್ದೇ ಕಥೆ. ರಾವ್ ಸಾಹೇಬರು ಯಾವ ಕಾರಿನಲ್ಲಿ ಬಂದರು, ಯಾರು ಯಾರು ಹಾರ ಹಾಕಿದರು, ಯುದ್ಧದ ನಿಧಿಗೆ ಕೈಲಾದದ್ದು ಕೊಡಿ ಅಂತ ಎಷ್ಟು ಸೊಗಸಾಗಿ ಭಾಷಣ ಮಾಡಿದರು, ಅವರ ಶ್ರೀಮತಿಯವರು ಎಂಥಾ ಕೊಡೆ ಹಿಡಿದಿದ್ದರು, ಎಲ್ಲಾ ಇತ್ತು. ಕಟ್ಟಕಡೆಗೆ, ಅಯ್ಯೋ ಕುಸ್ತಿ ಮರೆತೇಹೋಯ್ತಲ್ಲ ಅಂತ ಜ್ಞಾಪಕ ಬಂದವರ ಹಾಗೆ ಎರಡು ಸಾಲು: 'ಕೊನೆಯ ಜೊತೆಯಲ್ಲಿ ಅವಲಪಲ್ಲಿಯ ರಾಮಾಂಜಿನಪ್ಪನೆಂಬುವನು ಕೃಷ್ಣಗಿರಿಯ ಪೈಲ್ವಾನ್ ಚಿನ್ನಸ್ವಾಮಿಗೆ ಹೆದರಿ ಅರ್ಧದಲ್ಲೇ ಕಣ ಬಿಟ್ಟು ಹೊರನಡೆದನು. ಸಭಿಕರು ನಕ್ಕರು.'

ನಕ್ಕರಂತೆ! ಯಾವನಪ್ಪಾ ನಕ್ಕವನು? ಹೊಸೂರಿನ ಬಸ್ ಸ್ಟ್ಯಾಂಡ್ ಪಕ್ಕದ ಕಾಫಿ ಹೋಟೆಲಿನಲ್ಲಿ ಇದನ್ನು ಯಾರೋ ಗಟ್ಟಿಯಾಗಿ ಓದಿದಾಗ ದಾಸಪ್ಪ ಅಲ್ಲೇ ಬೆಂಚಿನ ಮೇಲಿದ್ದ. ಅವಲಪಲ್ಲಿ ಗರಡಿಯ ಉಸ್ತಾದ ಅವನು. ರಾಮಾಂಜಿ ಅವನ ಶಿಷ್ಯ, ಸಾಲದ್ದಕ್ಕೆ ಅಕ್ಕ ಭದ್ರಮ್ಮನ ಒಬ್ಬನೇ ಮಗ. ದಾಸಪ್ಪ ಕುಡಿಯುತ್ತಿದ್ದ ಕಾಫಿ ಅಲ್ಲೇ ಬಿಟ್ಟು ಎದ್ದ.

ನಡೆದದ್ದೇನು ಅಂತ ಕೇಳಿ. ಅವಲಪಲ್ಲಿ ಗರಡಿಯಲ್ಲಿ ದಾಸಪ್ಪನ ತಾತನ ಕಾಲದಿಂದ ಒಂದು ಕಟ್ಟುಪಾಡು. ಎದುರಾಳಿಯ ಕೀಲು ಜಾರಿತೋ, ಅವನ ಬೆನ್ನನ್ನು ನೆಲಕ್ಕೆ ತಾಗಿಸಕೂಡದು. ಒಂದು ಹಿಡಿ ಕಣದ ಮಣ್ಣು ತೆಗೆದು ಅವನ ಹಣೆಗೆ ಹಚ್ಚಿ ಹೊರಗೆ ಹೋಗಿ ನಿಲ್ಲಬೇಕು. ಅವನು ಸುಧಾರಿಸಿಕೊಂಡು ಕರೆದರೆ ಮತ್ತೆ ಹಿಡಿಯಬೇಕು. ಕರೆದು ಇವನ ಕೈ ಎತ್ತಿದರೆ ಇವನು ಗೆದ್ದ ಹಾಗೆ. ಅವತ್ತು ಚಿನ್ನಸ್ವಾಮಿ ಕೆಳಗೆ ಸಿಕ್ಕಿ ಇನ್ನೇನು ಚಿತ್ತಾಗಬೇಕು, ಅವನ ಭುಜ ಲಟಕ್ಕೆಂದಿತು. ರಾಮಾಂಜಿ ತಕ್ಷಣ ಹಿಡಿತ ಬಿಟ್ಟ, ಹಣೆಗೆ ಮಣ್ಣು ಹಚ್ಚಿದ, ಹೊರಗೆ ಬಂದು ತಲೆ ತಗ್ಗಿಸಿ ನಿಂತ. ದಾಸಪ್ಪನೇ ಒಳಗೆ ಹೋಗಿ ಭುಜ ಕೂರಿಸಿದ. ಆ ಚಿನ್ನಸ್ವಾಮಿ ಕಣ್ಣಲ್ಲಿ ನೀರು ಹಾಕಿಕೊಂಡು "ವಾ ತಂಬಿ" ಅಂತ ಕರೆದು, ನೆಟ್ಟಗಿದ್ದ ಕೈಯಿಂದ ರಾಮಾಂಜಿಯ ಕೈಯೆತ್ತಿ ಕಣದ ಸುತ್ತ ತಿರುಗಿಸಿದ. ಜನ ರುಮಾಲು ಬಿಚ್ಚಿ ಮೇಲಕ್ಕೆ ಎಸೆದರು.

ಅಷ್ಟೂ ಜನ ಕಣ್ಣಾರೆ ನೋಡಿದ್ದರು ಸ್ವಾಮಿ. ಆದರೆ ಅಚ್ಚಾದ ಅಕ್ಷರ ಬಂದದ್ದೇ ತಡ, ಅವರ ಕಣ್ಣೇ ಬದಲಾಗಿಹೋಯಿತು. ಕಣದ ಅಂಚಿನಲ್ಲೇ ಕೂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ನಂಜಪ್ಪನೇ ಈಗ, "ಏನೋಪ್ಪಾ, ಹುಡ್ಗ ವಸಿ ಹೆದರ್ಕಂಡಂಗೇ ಇದ್ದ ಬುಡು" ಅಂದ.

"ಲೇ ನಂಜ, ನೀನೇ ಅವನ್ನ ಹೆಗಲ್ ಮ್ಯಾಲೆ ಹೊತ್ಕಂಡು ಕುಣುದ್ಯಲ್ಲೋ!"

"ಹೊತ್ಕಂಡೆ, ಇಲ್ಲ ಅಂದೋರ್ಯಾರು? ಆದ್ರೆ ಪೇಪರ್ನಾಗೇ ಬಂದೈತಲ್ಲ ದಾಸಪ್ಪ. ಓದಿದೋರು ಸುಮ್ಕೆ ಬರೀತಾರಾ?"

ಪಕ್ಕದ ತಳಿ ಊರಿನವರು ತಮ್ಮ ಮುಂದಿನ ಕುಸ್ತಿಗೆ ರಾಮಾಂಜಿ ಬರೋದು ಬೇಡ ಅಂತ ಹೇಳಿಕಳಿಸಿದರು. ಸಂತೆಗೆ ಹೋದರೆ ಹಿಂದಿನಿಂದ ಯಾರೋ "ಓಡ್ಲಾ, ಚಿನ್ನಸ್ವಾಮಿ ಬಂದ" ಅಂತ ಕೂಗಿದರು. ರಾಮಾಂಜಿ ಗರಡಿಗೆ ಬರುವುದನ್ನು ಬಿಟ್ಟ, ಊಟ ಬಿಟ್ಟ, ಮಾತು ಬಿಟ್ಟ. ಒಂದು ಬೆಳಿಗ್ಗೆ ಬಾಯಿಬಿಟ್ಟವನು ಹೇಳಿದ್ದು ಒಂದೇ ಮಾತು: "ಸೋಮವಾರ ತಾಲ್ಲೂಕು ಕಚೇರಿ ತಾವ ಮಿಲಿಟ್ರಿ ಲಾರಿ ಬತ್ತದಂತೆ. ನಾನು ಸೇರ್ಕತೀನಿ. ಹೆದ್ರೋನು ಯಾರು ಅಂತ ನೋಡ್ಲಿ."

ಭದ್ರಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು. ಬರ್ಮಾ ಯುದ್ಧಕ್ಕೆ ಹೋಗಿ ಸತ್ತವರ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ತಮ್ಮನ ಎದೆಯ ಮೇಲೆ ಗುದ್ದುತ್ತಾ, "ಮಣ್ಣು ಹಚ್ಚೋದು, ಬಿಟ್ಬುಡೋದು, ಎಲ್ಲಾ ನೀನೇ ಕಲಿಸ್ದೋನು! ಅವನ ಪಾಡಿಗೆ ಕೆಡವಿ ಗೆದ್ದಿದ್ರೆ ಇದೆಲ್ಲಾ ಆಯ್ತಿತ್ತೇನೋ? ನನ್ ಮಗನ್ನ ನೀನೇ ಉಳಿಸ್ಕೊಡು" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಪೇಪರಿಗೆ ಹೊಸೂರಿನ ಸುದ್ದಿ ಬರೆಯುತ್ತಿದ್ದವರು ವಕೀಲ ಚೆನ್ನಕೇಶವಯ್ಯನವರು. ದಾಸಪ್ಪ ಹೋದಾಗ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕೆಟ್ಟವರಲ್ಲ, ಪಾಪ. ಪೂರ್ತಿ ಕೇಳಿ ನಕ್ಕುಬಿಟ್ಟರು.

"ಹೌದೇನಯ್ಯಾ? ನಾನು ಕೊನೇವರೆಗೂ ಇರಲಿಲ್ಲ. ಸುದ್ದಿ ಕವರು ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಡಬೇಕಿತ್ತು. ನಿನ್ನ ಹುಡುಗ ಹೊರಗೆ ಹೋಗಿದ್ದು ನೋಡಿದೆ, ಬರೆದೆ, ಬಸ್ಸಿಗೆ ಓಡಿದೆ."

"ಪೂರ್ತಿ ನೋಡ್ದಲೇ 'ಹೆದರಿ' ಅಂತ ಹೆಂಗ್ ಬರುದ್ರಿ ಸ್ವಾಮಿ? ನಕ್ರು ಅಂತ ಹೆಂಗ್ ಬರುದ್ರಿ?"

"ಇನ್ನೇನಂತ ಬರೀಲಿ ಹೇಳು. ಗೆಲ್ಲೋ ಹೊತ್ತಲ್ಲಿ ಯಾವನಾದ್ರೂ ಎದ್ದು ಹೋಗ್ತಾನೇನಯ್ಯಾ?"

ದಾಸಪ್ಪನಿಗೆ ಅವರ ಕೊರಳಪಟ್ಟಿ ಹಿಡಿದು ಎತ್ತಬೇಕು ಅನ್ನಿಸಿತು. ಎತ್ತಲು ಎಷ್ಟು ಹೊತ್ತು ಬೇಕು, ಅವನಿಗೆ? ಆದರೆ ಎತ್ತಲಿಲ್ಲ. ಗರಡಿಯ ಆಂಜನೇಯನಿಗೆ ಬಿಟ್ಟರೆ ಯಾರಿಗೂ ಬಗ್ಗದವನು ಅವರ ಕಾಲು ಹಿಡಿದುಕೊಂಡ. "ಚಿನ್ನಸ್ವಾಮಿನೇ ಕರ್ಕಂಡ್ ಬತ್ತೀನಿ, ಬೇಕಾರೆ ಅವನನ್ನೇ ಕೇಳಿ. ಸೋಮವಾರದೊಳಗೆ ಒಂದೇ ಒಂದು ಸಾಲು ಸರಿಮಾಡಿ ಹಾಕಿಸಿ ಬುದ್ಧಿ. ಹುಡ್ಗ ಸಾಯಾಕೆ ಹೊಂಟವನೆ."

"ಏಳು ಏಳು. ಯಾರನ್ನೂ ಕರೆತರೋದು ಬೇಡ, ನಿನ್ನ ಮಾತೇ ಸಾಕು. ತಿದ್ದುಪಡಿ ಹಾಕಿಸ್ತೀನಿ. ಇವತ್ತೇ ಬರೆದುಕಳಿಸ್ತೀನಿ, ಹೋಗು."

ಬರೆದದ್ದೂ ನಿಜ, ಕಳಿಸಿದ್ದೂ ನಿಜ. ಅವರ ಮೇಲೆ ಆ ಸುಳ್ಳು ಹೊರಿಸಬಾರದು. ದಾಸಪ್ಪ ಬಸ್ಸು ಹೊರಡುವ ತನಕ ಅಲ್ಲೇ ಕಾದು, ಕವರು ಡ್ರೈವರ್ ಕೈ ಸೇರಿದ್ದನ್ನು ನೋಡಿಯೇ ಮನೆಗೆ ಬಂದ. "ಸೋಮವಾರದ ಪೇಪರ್ ಬರೋಗಂಟ ತಡಕೋ ಕಣ್ಲಾ. ಅದ್ರಾಗೆ ಬರ್ಲಿಲ್ಲ ಅಂದ್ರೆ ನಾನೇ ನಿನ್ನ ಲಾರಿ ಹತ್ತುಸ್ತೀನಿ" ಅಂದ. ರಾಮಾಂಜಿ "ಊಂ" ಅಂದ. ಅವತ್ತು ರಾತ್ರಿ ಮುದ್ದೆ ಉಂಡ. ಭದ್ರಮ್ಮ ತಮ್ಮನಿಗೂ ಬಡಿಸಿದಳು.

ಸೋಮವಾರ ಲಾರಿಯೇ ಮುಂಚೆ ಬಂತು. ಹವಾಲ್ದಾರ ಎದೆಯಳತೆ ತೆಗೆದುಕೊಂಡು ಹುಡುಗರನ್ನು ಹತ್ತಿಸುತ್ತಿದ್ದ. ರಾಮಾಂಜಿಯ ಎದೆ ನೋಡಿ ಟೇಪು ಸಹ ತೆಗೆಯಲಿಲ್ಲ, ಹತ್ತು ಅಂದ. ರಾಮಾಂಜಿ ಹತ್ತಲಿಲ್ಲ, ಕೊಟ್ಟ ಮಾತಿಗೆ ನಿಂತಿದ್ದ. ಅಷ್ಟರಲ್ಲಿ ಬೆಂಗಳೂರು ಬಸ್ಸು ಬಂತು. ದಾಸಪ್ಪ ಓಡಿದ, ಕಟ್ಟು ಬಿಚ್ಚುವುದಕ್ಕೂ ಬಿಡದೆ ಒಂದು ಪೇಪರ್ ಎಳೆದುಕೊಂಡು ವಾಪಸ್ಸು ಓಡಿಬಂದ. ಅವನಿಗೆ ಓದು ಬಾರದು. ಶಿಷ್ಯನ ಕೈಗೇ ಕೊಟ್ಟ.

"ಐತೆ ಮಾವ" ಅಂದ ರಾಮಾಂಜಿ. "ತಿದ್ದುಪಡಿ ಅಂತ ಐತೆ."

"ಓದ್ಲಾ! ಗಟ್ಟಿಯಾಗಿ ಓದು! ಎಲ್ರೂ ಕೇಳ್ಲಿ!"

ಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹತ್ತಿರ ಬಂದಳು. ರಾಮಾಂಜಿ ಗಟ್ಟಿಯಾಗಿಯೇ ಓದಿದ: "ನಮ್ಮ ಹೊಸೂರು ಕುಸ್ತಿ ವರದಿಯಲ್ಲಿ ಅಧ್ಯಕ್ಷ ಮಹಾಶಯರನ್ನು ರಾವ್ ಸಾಹೇಬರೆಂದು ಬರೆಯಲಾಗಿತ್ತು. ಅವರು ಅದಕ್ಕಿಂತ ಮೇಲಿನ ಬಿರುದು ಪಡೆದ ರಾವ್ ಬಹದ್ದೂರರು. ಈ ಘೋರ ಪ್ರಮಾದಕ್ಕಾಗಿ ವಿಷಾದಿಸುತ್ತೇವೆ."

"ಆಮ್ಯಾಕೆ?"

"ಅಷ್ಟೇ ಮಾವ."

ದಾಸಪ್ಪ ಕಿತ್ತುಕೊಂಡು ಹಾಳೆ ತಿರುವಿದ, ಮತ್ತೆ ತಿರುವಿದ. ಯುದ್ಧ ಬಂದಮೇಲೆ ಕಾಗದಕ್ಕೆ ಬರ, ಪೇಪರೆಂದರೆ ಇರುವುದೇ ಎರಡು ಹಾಳೆ. ಗೊತ್ತಿಲ್ಲದ ಅಕ್ಷರಗಳ ಮೇಲೆ ಬೆರಳಿಟ್ಟು "ಇದೇನು, ಇಲ್ಲೇನೈತೆ, ಇದು ನೋಡ್ಲಾ" ಅಂತ ಗೋಗರೆದ. ಬೆಂಗಳೂರಿನಲ್ಲಿ ಯಾವ ಪುಣ್ಯಾತ್ಮ ಜಾಗ ಸಾಲದೆಂದು ಇನ್ನೊಂದು ಸಾಲನ್ನು ಕಿತ್ತುಹಾಕಿದನೋ, ಅವನ ಮನೆ ಹಾಳಾಗ!

ರಾಮಾಂಜಿ ಅವ್ವನ ಕಾಲು ಮುಟ್ಟಿದ, ಮಾವನ ಕಾಲು ಮುಟ್ಟಿದ. ಲಾರಿ ಹತ್ತಿ ಹಿಂದಿನ ಹಲಗೆಯ ಮೇಲೆ ಕೂತು, ಸಣ್ಣ ದನಿಯಲ್ಲಿ ಕೇಳಿದ: "ಮಾವ, ಅಲ್ಲಿ ಸತ್ರೆ ಅದನ್ನಾದ್ರೂ ಸರಿಯಾಗಿ ಬರೀತಾರಾ?"

ಲಾರಿ ಗುರ್‌ ಎಂದು ಹೊರಟಿತು. ಭದ್ರಮ್ಮ ರಸ್ತೆಯಲ್ಲೇ ಕುಸಿದಳು. ಆಗ ದಾಸಪ್ಪನಿಗೆ ಏನಾಯಿತೋ, ಪಂಚೆ ಎತ್ತಿಕಟ್ಟಿ ಲಾರಿಯ ಹಿಂದೆ ಓಡಿದ. ಹಲಗೆ ಹಿಡಿದು, ಉಸಿರು ಸಿಗದೆ, ತಾತನ ಗರಡಿಯಲ್ಲಿ ಯಾರೂ ಆಡದ ಮಾತನ್ನು ಕೂಗಿದ:

"ಕೈ ಮುರುದೋನ್ನ ಬಿಡಬ್ಯಾಡ ಕಣ್ಲಾ ಮಗಾ! ಮಣ್ಣು ಹಚ್ಬ್ಯಾಡ! ಕೆಳಗೆ ಬಿದ್ದೋನ ಮ್ಯಾಲೆ ಕೂತ್ಕಂಡು ಮುಗಿಸ್ಬುಡು! ಕೇಳುಸ್ತಾ? ಯಾರನ್ನೂ ಬಿಡಬ್ಯಾಡ!"

ಹಲಗೆ ಕೈಯಿಂದ ಜಾರಿತು. ರಾಮಾಂಜಿ ಊಂ ಅಂತ ತಲೆಯಾಡಿಸಿದ.