ಬಣ್ಣ ಹೊಡೆದ ಶೀಟು

ಹೇಳಿಬಿಡಲೇ? ಅವನ ಕಾಲು ಇನ್ನೂ ಏಣಿಯ ಮೇಲೇ ಇದೆ, ಹೊತ್ತು ಮೀರಿಲ್ಲ. ಹೇಳಿದರೆ ಜೈಲು. ಹೇಳದಿದ್ದರೆ?

"ಏಣಿ ಗಟ್ಟಿಯಾಗಿ ಇಡ್ಕೊಳ್ಲಾ ಬೋಳಿಮಗ್ನೆ! ಗರ ಬಡ್ದೋನಂಗೆ ನಿಂತವ್ನೆ!"

ಮೇಲಿನಿಂದ ಗದರಿದವನು ನಂಜೇಶ್. ನಂಜನಗೂಡಿನಲ್ಲಿ ಸಿಮೆಂಟ್ ಶೀಟು, ಡ್ರಿಪ್ ಪೈಪುಗಳ ಏಜೆನ್ಸಿ ಅವನದು. ಏಣಿ ಹಿಡಿದಿದ್ದ ರಾಚಯ್ಯ ಅವನ ಆಳು. ಲೋಡು ಇಳಿಸುವವನೂ ಅವನೇ, ಚಾವಣಿ ಹಾಸುವವನೂ ಅವನೇ. ಅಂಗಳದಲ್ಲಿ ಕಂಪನಿಯ ಆಫೀಸರ್ ಮೊಬೈಲು ಹಿಡಿದು ನಿಂತಿದ್ದರು. ಹೊಸ ಗೋಡೌನಿನ ಶೀಟಿನ ಮೇಲೆ ಡೀಲರೇ ನಿಂತ ಫೋಟೊ ಅವರಿಗೆ ಬೇಕಿತ್ತು.

ಲಾರಿಯಲ್ಲಿ ಸೀಳಿದ ಶೀಟುಗಳನ್ನು ನಂಜೇಶ್ ಎಂದೂ ವಾಪಸ್ಸು ಕಳಿಸಿದವನಲ್ಲ. ಸೀಳಿಗೆ ಸಿಮೆಂಟು ಮೆತ್ತಿಸಿ, ಒಳ್ಳೆಯವಕ್ಕೂ ಅವಕ್ಕೂ ರಾಚಯ್ಯನ ಕೈಲೇ ಒಂದೇ ಕೆಂಪು ಬಣ್ಣ ಹೊಡೆಸಿ, ಬೇರೆ ಬೇರೆ ಗುಡ್ಡೆ ಹಾಕಿಸುತ್ತಿದ್ದ. "ಇವು ಕೇರಿಗೆ ಕಣ್ಲಾ. ನಿಮ್ಮೋರ್ಗೆ ನೆಳ್ಳಿದ್ರೆ ಸಾಕು" ಎನ್ನುತ್ತಿದ್ದ.

ಹೆಮ್ಮಿಗೆಯ ತನ್ನ ಮನೆಗೆ ಮಾತ್ರ ಒಳ್ಳೆಯವನ್ನೇ ಕೊಡಿ ಎಂದು ರಾಚಯ್ಯ ಕೈಮುಗಿದಿದ್ದ. ನಂಜೇಶ್ ಆಣೆ ಇಟ್ಟು ಕಳಿಸಿದ. ಬಣ್ಣ ಹೊಡೆದವನಿಗೇ ಗುರುತು ಸಿಗಲಿಲ್ಲ. ಒಂದು ಮಧ್ಯಾಹ್ನ ಕೋತಿಯೊಂದು ಚಾವಣಿಯ ಮೇಲೆ ಹಾರಿತು. ಶೀಟು ಮುರಿದು, ಕೆಳಗೆ ಮಲಗಿದ್ದ ಮಗಳು ಇಂದ್ರಾಣಿಯ ಸೊಂಟದ ಮೇಲೆ ಬಿತ್ತು. ಅವಳು ಮತ್ತೆ ಎದ್ದು ನಿಲ್ಲಲಿಲ್ಲ.

"ಕೋತಿ ಕುಣುದ್ರೆ ನಾನೇನ್ಲಾ ಮಾಡ್ಲಿ? ನೆಂಟ್ರು ಮನೆ ಅಂತ ಬಂದದೆ. ಒಂದು ಬಾಳೆಅಣ್ಣು ಕೊಟ್ಟು ಕಳ್ಸಬೇಕಿತ್ತು!" ಎಂದಿದ್ದ ನಂಜೇಶ್.

ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕಿದ್ದರು.

ಮುಂದಿನ ಲೋಡಿನಲ್ಲಿ ರಾಚಯ್ಯ ಗುಡ್ಡೆಗಳನ್ನು ಅದಲುಬದಲು ಮಾಡಿದ. ಒಳ್ಳೆಯವು ಕೇರಿಗೆ ಹೋದವು. ಸೀಳಿದವನ್ನು ಈ ಗೋಡೌನಿಗೆ ತಾನೇ ಹಾಸಿದ. ಸೋರಲಿ, ಗೊಬ್ಬರದ ಮೂಟೆ ಕೊಳೆಯಲಿ ಅಂದುಕೊಂಡಿದ್ದ, ಅಷ್ಟೇ. ಇವನು ಮೇಲೆ ಹತ್ತುತ್ತಾನೆಂದು ಯಾರಿಗೆ ಗೊತ್ತಿತ್ತು?

"ತಡೆಯುತ್ತಾ ನಂಜೇಶ್?" ಆಫೀಸರ್ ಕೇಳಿದರು.

"ಆನೆ ತಂದು ನಿಲ್ಸಿ ಸಾರ್! ಲೇ ರಾಚ, ಏಳ್ಲಾ ಸಾಹೇಬ್ರಿಗೆ. ನೀನೇ ತಾನೆ ಆಸಿದ್ದು?"

ತೆವಳಿಕೊಂಡು ಬಾಗಿಲಿಗೆ ಬರುವ ಮಗಳು ರಾಚಯ್ಯನ ಕಣ್ಣ ಮುಂದೆ ಬಂದಳು.

"ಊಂ ಬುದ್ಧಿ. ನಾನೇ."

ನಂಜೇಶ್ ಏಣಿ ಬಿಟ್ಟ. ಮೀಸೆ ನೀವಿಕೊಂಡು ಶೀಟಿನ ನಟ್ಟನಡುವೆ ಹೋಗಿ ನಿಂತು, ಹೆಬ್ಬೆರಳು ಎತ್ತಿದ.

"ಇನ್ನೊಂದು ಹೆಜ್ಜೆ ಹಿಂದಕ್ಕೆ" ಎಂದರು ಆಫೀಸರ್, "ಕಂಪನಿ ಹೆಸರು ಕಾಣ್ಬೇಕು."

ಕಾಲಡಿಯಲ್ಲಿ ಚಿಟ್ ಎಂದಿತು. ನಂಜೇಶನ ನಗು ಮುಖದಲ್ಲೇ ನಿಂತುಬಿಟ್ಟಿತು. ಅವನು ಅಲುಗದೆ, ಕಣ್ಣು ಮಾತ್ರ ಹೊರಳಿಸಿ ಕೆಳಗೆ ನೋಡಿದ.

"ರಾಚಯ್ಯಾ..." ಎಂದ. ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ರಾಚಯ್ಯ ಏಣಿಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿದ.

ಅವು ಸೀಳಿದ ಶೀಟು ಎಂದು ಅವನು ಹೇಳಲೇ ಇಲ್ಲ.